ಏಳು ಶಂಕುಸ್ಥಾಪನೆ, ಒಂದು ಅದ್ಭುತ

ಸುಮಂಗಲಾ: ಮತ್ತೊಂದು ಕಲ್ಲು ಇಟ್ರೇನ್ರಿ ಸಾವ್ಕಾರ್ರ?

ಶಿವಯೋಗಪ್ಪ: ಇಟ್ಟೆ. ಏನೀಗ?

ಸುಮಂಗಲಾ: ಇದು ಏಳನೇದು.

ಶಿವಯೋಗಪ್ಪ: ನಿನ್ನದು ಎಷ್ಟನೇದವ್ವಾ? ಒಂದೂ ಇಲ್ಲ. ಎರಡು ತಾಸಾತು, ನಿನ್ನ ಮಂದಿ ಇನ್ನೂ ಗಡಿಗಿ ಮಾಡೋದು ಕಲಿಯಾಕ ಹತ್ಯಾರ.

ಹುಲುಗಪ್ಪ: ಗಡಿಗಿ ಕಲ್ತು ಮುಗೀತ್ರಿ. ಈಗ ಬರವಣಿಗಿ ನಡದೈತಿ.

ಶಿವಯೋಗಪ್ಪ: ನಿನ್ನ ಯಾರು ಕೇಳಿದ್ರಲೇ? ನೀರುಗಂಟಿ ನೀನು, ಮೋಟ್ರು ನೋಡ್ಕೋ ಹೋಗು.

ಹುಲುಗಪ್ಪ: ಮೋಟ್ರೂ ಇಲ್ಲೇ ಐತಲ್ರಿ. ಎಲ್ಲಿಗೆ ಹೋಗ್ಲಿ?

ಹುಲುಗಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ಈ ಜಗಳ ನಡೆಯುತ್ತಿದ್ದದ್ದು ಕೋಗಳಿಯಿಂದ ಹಂಪಸಾಗರದ ಕಡೆಗೆ ಹೋಗುವಾಗ ಸಿಗುವ ಒಂದು ಊರಿನ ಗ್ರಂಥಾಲಯದಲ್ಲಿ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅದನ್ನೂ ಒಂದು ಕಲ್ಲಿನ ಮೇಲೆ ಕೆತ್ತಿಸಿಬಿಡುತ್ತಾರೆ. ಗ್ರಂಥಾಲಯ ಎಂದರೆ ಊರಿನ ಪಂಪ್‌ಹೌಸು. ಒಂದು ಗೋಡೆಗೆ ಮೋಟರಿನ ಸ್ಟಾರ್ಟರು, ಎದುರು ಗೋಡೆಗೆ ಪುಸ್ತಕದ ಕಪಾಟು, ನಡುವೆ ಒಂದು ಮೇಜು, ಮೇಜಿನ ಮೇಲೆ ಒಂದು ಕಂಪ್ಯೂಟರು. ಗೋಡೆಯ ತೇವಕ್ಕೆ ಅರ್ಧ ಪುಸ್ತಕಗಳು ಹಪ್ಪಳದಂತೆ ಉಬ್ಬಿವೆ. ಎರಡಕ್ಕೂ ಒಂದೇ ಕರೆಂಟಿನ ಲೈನು, ಮೋಟರು ಹಚ್ಚಿದರೆ ಕಂಪ್ಯೂಟರು ಆರುತ್ತದೆ. ಆ ಊರಿನಲ್ಲಿ ಒಂದು ಹೊತ್ತಿಗೆ ನೀರು, ಇಲ್ಲವೇ ಓದು; ಎರಡೂ ಬೇಕೆಂದವರು ಇದುವರೆಗೆ ಹುಟ್ಟಿರಲಿಲ್ಲ. ಹುಟ್ಟಿದವಳು ಗ್ರಂಥಪಾಲಕಿ ಸುಮಂಗಲಾ.

ಬಸ್ ನಿಲ್ದಾಣದ ಪಕ್ಕದಲ್ಲಿ ಪಂಚಾಯಿತಿಯ ಒಂದು ಖಾಲಿ ಜಾಗವಿದೆ. ಅಲ್ಲಿ ಗ್ರಂಥಾಲಯಕ್ಕೆ ಒಂದು ಕೋಣೆ ಬೇಕೆಂದು ಅವಳು ಅರ್ಜಿ ಬರೆದು ಎಂಟು ತಿಂಗಳಾಗಿತ್ತು. ಈ ತಿಂಗಳು ಮುಗಿಯುವುದರೊಳಗೆ ಸ್ವಂತ ಜಾಗ ಸಿಗದಿದ್ದರೆ ಪುಸ್ತಕ, ಕಂಪ್ಯೂಟರು ಎಲ್ಲವನ್ನೂ ಗಾಡಿಗೆ ತುಂಬಿ ಬೇರೆ ಊರಿಗೆ ಒಯ್ಯುತ್ತೇವೆ ಎಂದು ಮೇಲಿನಿಂದ ಕಾಗದ ಬಂದಿತ್ತು. ಜಾಗ ಕೊಡುವ ಸಮಿತಿಗೆ ಹಿರಿಯರು ಶಿವಯೋಗಪ್ಪನವರು. ಗೊಬ್ಬರದ ಅಂಗಡಿಯ ಸಾಹುಕಾರರು, ಹಿಂದೆ ಐದು ವರ್ಷ ಪಂಚಾಯಿತಿ ಅಧ್ಯಕ್ಷರು. ಅವರಿಗೆ ಆ ಜಾಗದಲ್ಲಿ ಆನೆಗಳಿರುವ ಒಂದು ಸ್ವಾಗತ ಕಮಾನು ಬೇಕು, ಕಮಾನಿನ ಮೇಲೆ ತಮ್ಮ ತಂದೆಯ ಹೆಸರು ಬೇಕು.

ಮಧ್ಯಾಹ್ನ ಫ್ಯಾನಿನ ಗಾಳಿಗೂ, ಪೇಪರಿನಲ್ಲಿ ತಮ್ಮ ಫೋಟೋ ಬಂದಿದೆಯೇ ಎಂದು ನೋಡುವುದಕ್ಕೂ ಗ್ರಂಥಾಲಯಕ್ಕೆ ಬರುತ್ತಿದ್ದ ಸಾಹುಕಾರರ ಕಣ್ಣಿಗೆ ಹುಲುಗಪ್ಪ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟ ಬಿತ್ತು. ಊರು ಕಟ್ಟುವುದು, ವಿದ್ಯೆ ಕಲಿಸುವುದು, ಜಗತ್ತಿನ ಅದ್ಭುತಗಳನ್ನು ಎಬ್ಬಿಸುವುದು, ಹೀಗೆ ಒಂದು ನಾಗರಿಕತೆಯನ್ನೇ ಬೆಳೆಸುವ ಆಟ. "ಐದು ವರ್ಷ ಊರು ಆಳೀನಿ, ಇದೇನು ಮಹಾ" ಎಂದರು. ಮಾತಿಗೆ ಮಾತು ಬೆಳೆದು ಪಂಥವಾಯಿತು. ಯಾರು ಮೊದಲು ಒಂದೇ ಒಂದು ಅದ್ಭುತವನ್ನು ಪೂರ್ತಿ ಮುಗಿಸುತ್ತಾರೋ ಜಾಗ ಅವರದು. ಸುಮಂಗಲಾ ಒಪ್ಪಿದಳು. ಅವಳಿಗೆ ಒಳಗೊಳಗೇ ಭಯವಿತ್ತು, ಆದರೆ ಅರ್ಜಿಯ ದಾರಿಯಲ್ಲಿ ಎಂಟು ತಿಂಗಳು ನಡೆದು ಅವಳಿಗೆ ಸಾಕಾಗಿತ್ತು.

ಸುಮಂಗಲಾ: ಏಳೂ ಅರ್ಧಕ್ಕ ನಿಂತಾವಲ್ರಿ. ಒಂದು ಊರಾಗ ಒಂದು ಸಲಕ್ಕ ಒಂದೇ ಕೆಲಸ ನಡೀತೈತಿ. ನೀವು ಹೊಸ ಕಲ್ಲು ಇಟ್ಟ ಕೂಡ್ಲೇ ಹಳೇ ಕೆಲಸ ನಿಂತುಬಿಡ್ತೈತಿ.

ಶಿವಯೋಗಪ್ಪ: ನಿಲ್ಲಲಿ ಬಿಡು. ಕಲ್ಲು ಎಲ್ಲಿಗೆ ಓಡಿ ಹೊಕ್ಕೈತಿ? ಶಿವಯೋಗಪುರದಾಗ ಪಿರಮಿಡ್ಡು, ನಾಗಲಿಂಗಮ್ಮನಹಳ್ಳಿಯಾಗ ದೊಡ್ಡ ಗ್ವಾಡಿ, ಪ್ರವೀಣಕುಮಾರ ನಗರದಾಗ ದೀಪಸ್ತಂಭ...

ಹುಲುಗಪ್ಪ: ವಾಣಿಶ್ರೀ ಬಡಾವಣಿ ಬಿಟ್ರಿ.

ಶಿವಯೋಗಪ್ಪ: ಅಲ್ಲಿ ದೈತ್ಯ ಪ್ರತಿಮಿ. ಮಗಳ ಹೆಸರಿನ ಊರಿಗೆ ಸಣ್ಣದು ಕೊಡಾಕ ಬರ್ತೈತೇನು?

ಹುಲುಗಪ್ಪ: ಹೇಣ್ತಿ, ಮಗ, ಮಗಳು, ನೀವು. ನಾಲ್ಕು ಊರಾದುವು. ಮಂದಿ ಹೆಸರಿನ್ಯಾಗ ಒಂದೂ ಇಲ್ಲ.

ಶಿವಯೋಗಪ್ಪ: ಇವಳು ತನ್ನ ಊರಿಗೆ ಏನಂತ ಇಟ್ಟಾಳ ನೋಡಿದ್ಯಾ? ಪಂಪ್‌ಹೌಸ್! ನಾಗರಿಕತಿಯ ರಾಜಧಾನಿಗೆ ಯಾರಾದ್ರೂ ಪಂಪ್‌ಹೌಸ್ ಅಂತ ಇಡ್ತಾರೇನು?

ಸುಮಂಗಲಾ: ಇದ್ದದ್ದು ಇಟ್ಟೀನ್ರಿ. ಈಗ ನಿಮ್ಮ ಸರದಿ, ಒತ್ರಿ.

ಶಿವಯೋಗಪ್ಪ: ತಡಿ. ಈ ಆಟದಾಗ ಒಂದು ದೊಡ್ಡ ದೋಷ ಐತಿ. ಕಲ್ಲು ಇಟ್ಟಾಗ ಒಂದು ಹಾರ ಇಲ್ಲ, ಒಂದು ಡೊಳ್ಳಿಲ್ಲ, ಒಂದು ಫೋಟೋ ಇಲ್ಲ.

ಸುಮಂಗಲಾ: ಮುಗಿಸಿದಾಗ ಬರ್ತೈತ್ರಿ. ಕಹಳಿ ಊದ್ತಾರ, ಪರದಿ ತುಂಬ ಚಿತ್ರ ಬರ್ತೈತಿ.

ಶಿವಯೋಗಪ್ಪ: ಮುಗಿಸಿದಾಗ ಬಂದ್ರ ಏನುಪಯೋಗ? ಅಷ್ಟೊತ್ತಿಗೆ ಬ್ಯಾರೆಯವ ಅಧ್ಯಕ್ಷ ಆಗಿರ್ತಾನ. ಅವನ ಫೋಟೋ ಬರ್ತೈತಿ.

ಹುಲುಗಪ್ಪ: ಆಟ ಮಾಡಿದವ್ರಿಗೆ ನಮ್ಮ ಪಂಚಾಯ್ತಿ ಗೊತ್ತಿಲ್ರಿ, ಪಾಪ.

ಸುಮಂಗಲಾ: ಅದಕ್ಕೇ ನಮ್ಮೂರಾಗೂ ಏಳು ಕಲ್ಲು ನಿಂತಾವು. ಒಂದರ ಮ್ಯಾಲೂ ಗ್ವಾಡಿ ಎದ್ದಿಲ್ಲ.

ಶಿವಯೋಗಪ್ಪ: ಏಳು ಅಂತ ಎಣಿಸೀಯಲ್ಲ, ಅದಾದ್ರೂ ಒಪ್ಕೋ. ನನಗಿಂತ ಮೊದಲು ಇದ್ದವ ಎರಡು ಇಟ್ಟಿದ್ದ, ಎರಡು!

ಹುಲುಗಪ್ಪ: ಖರೇನ ಏಳು ಅದಾವ್ರಿ. ಪಶು ಆಸ್ಪತ್ರಿ ಕಲ್ಲಿಗೆ ನಾನು ಮೇಕಿ ಕಟ್ತೀನಿ. ಸಮುದಾಯ ಭವನದ ಕಲ್ಲಿನ ಮ್ಯಾಲೆ ಹೆಣ್ಮಕ್ಕಳು ಅರಿವಿ ಒಗೀತಾರ. ಇನ್ನ ಹೈಟೆಕ್ ಶೌಚಾಲಯದ ಕಲ್ಲು...

ಶಿವಯೋಗಪ್ಪ: ಅದಕ್ಕೇನಾಗೈತಿ?

ಹುಲುಗಪ್ಪ: ಆ ಕಲ್ಲಿನ ಮರಿಗೇ ಮಂದಿ ಕುಂದರ್ತಾರ್ರಿ. ಒಂದು ಲೆಕ್ಕದಾಗ ಅದೊಂದು ಯೋಜನಿ ಪೂರಾ ಆದಂಗ.

ಸುಮಂಗಲಾ ನಗು ತಡೆಯಲು ಕಪಾಟಿನ ಕಡೆ ಮುಖ ತಿರುಗಿಸಿದಳು. ಸಾಹುಕಾರರು ಮೌಸನ್ನು ಅಂಗಡಿಯ ತಕ್ಕಡಿ ಹಿಡಿದಷ್ಟೇ ಗಟ್ಟಿಯಾಗಿ ಹಿಡಿದು ಸರದಿ ಒತ್ತಿದರು. ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದುಕೊಂಡಿತು. 'ನಿಮ್ಮ ಜನ ಯಾವ ವಿದ್ಯೆ ಕಲಿಯಬೇಕು?' ಎಂದು ಅದು ಕೇಳುತ್ತಿತ್ತು.

ಸುಮಂಗಲಾ: ಮೂರನೇ ಸಲ ಕೇಳಾಕ ಹತ್ತೈತ್ರಿ. ಬರವಣಿಗಿ ಅಂತ ಒತ್ರಿ. ಇಲ್ಲೀತನಕ ನೀವು ಕಲಿಸಿದ್ದು ಕಲ್ಲುಕೆಲಸ ಒಂದೇ.

ಶಿವಯೋಗಪ್ಪ: ಕಲ್ಲು ಇಡಾಕ ಕಲ್ಲುಕೆಲಸ ಸಾಕು. ಬರವಣಿಗಿ ನನಗ ಬರ್ತೈತಿ. ನಲವತ್ತು ವರ್ಷದಿಂದ ಸಹಿ ಮಾಡಾಕ ಹತ್ತೀನಿ.

ಸುಮಂಗಲಾ: ನಿಮಗಲ್ರಿ, ನಿಮ್ಮ ಮಂದಿಗೆ.

ಶಿವಯೋಗಪ್ಪ: ಮಂದಿಗೆ ಕಲಿಸಿದ್ರ ಕಲ್ಲು ಓದ್ತಾರ. ಕಲ್ಲು ಓದಿದ್ರ ತಾರೀಖು ನೋಡ್ತಾರ. ತಾರೀಖು ನೋಡಿದ್ರ ಕೇಳಾಕ ಬರ್ತಾರ. ಬ್ಯಾಡವಾ ತಾಯಿ, ಮುಚ್ಚು ಅದನ್ನ.

ತಾವೇ ಮುಚ್ಚಿದರು.

ಶಿವಯೋಗಪ್ಪ: ಅಲ್ಲಲೇ ಹುಲುಗ, ಒಂದು ತಿಳೀವಲ್ದು. ಬರವಣಿಗಿ ಕಲಿಯೋಕಿಂತ ಮೊದಲು ಗಡಿಗಿ ಮಾಡಾಕ ಯಾಕ ಕಲೀಬೇಕಂತ? ಗಡಿಗಿಗೂ ಓದಿಗೂ ಏನು ಸಂಬಂಧ? ಹುಚ್ಚು ಆಟ.

ಹುಲುಗಪ್ಪ: ಹುಚ್ಚಲ್ರಿ. ಗಡಿಗಿ ಬಂದ್ರ ಕಾಳು ತುಂಬಿಡ್ತಾರ. ತುಂಬಿಟ್ರ ಯಾವ ಗಡಿಗಿ ಯಾರದು ಅಂತ ಗುರುತು ಹಾಕ್ಬೇಕು. ಆ ಗುರುತೇ ಅಕ್ಷರ ಆಕ್ಕೈತಿ. ನಾನೂ ಓಣಿಗೊಂದು ವಾಲ್ವಿಗೆ ಬಣ್ಣ ಹಚ್ಚೀನಲ್ರಿ, ಹಂಗ. ಪೈಪು ಹಾಕದ ನಳ ಕುಂದ್ರಿಸಿದ್ರ ನೀರು ಬರ್ತೈತೇನು? ಎಲ್ಲಾದಕ್ಕೂ ಒಂದು ಹಿಂದಿಂದು, ಒಂದು ಮುಂದಿಂದು ಇರ್ತೈತಿ.

ಶಿವಯೋಗಪ್ಪ: ನನಗ ಪಾಠ ಹೇಳ್ತೀಯೇನು?

ಹುಲುಗಪ್ಪ: ನೀವೇ ಕೇಳಿದ್ರಿ.

ಅಷ್ಟರಲ್ಲಿ ಕಂಪ್ಯೂಟರು ತಾನೇ ಕಹಳೆ ಊದಿತು. ಆಟದಲ್ಲಿ ಮೂರನೆಯವನೊಬ್ಬನಿದ್ದ, ಕಂಪ್ಯೂಟರು ತಾನೇ ಆಡಿಸುವ ದೂರದ ದೇಶದ ರಾಜ. ಅವನು ದೀಪಸ್ತಂಭ ಕಟ್ಟಿ ಮುಗಿಸಿದ್ದ. ಪಂಥ ಇವರಿಬ್ಬರ ನಡುವಿನದಾದ್ದರಿಂದ ಅವನ ಗೆಲುವು ಲೆಕ್ಕಕ್ಕಿಲ್ಲ. ಆದರೆ ಸಾಹುಕಾರರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

ಶಿವಯೋಗಪ್ಪ: ಎಲೆಲೇ! ನನ್ನ ದೀಪಸ್ತಂಭ ಎಲ್ಲಿ? ಪ್ರವೀಣಕುಮಾರ ನಗರದಾಗ ಅರ್ಧ ಎದ್ದಿತ್ತು, ಈಗ ಬಯಲು ಕಾಣ್ತೈತಿ!

ಸುಮಂಗಲಾ: ಅದ್ಭುತ ಅಂದ್ರ ಜಗತ್ತಿಗೆ ಒಂದೇ ಇರ್ತೈತ್ರಿ. ಅವನು ಮೊದಲು ಮುಗಿಸಿದ, ನಿಮ್ಮದು ಅಳಿಸಿ ಹೋತು.

ಶಿವಯೋಗಪ್ಪ: ನಾನು ಅವನಿಗಿಂತ ಮೊದಲು ಕಲ್ಲು ಇಟ್ಟೀನಿ!

ಸುಮಂಗಲಾ: ಇಟ್ಟವ್ರನ್ನ ಆಟ ಕೇಳಂಗಿಲ್ರಿ, ಮುಗಿಸಿದವ್ರನ್ನ ಕೇಳ್ತೈತಿ.

ಶಿವಯೋಗಪ್ಪ: ಹಂಗಾದ್ರ ನಾ ಹಾಕಿದ ಕಲ್ಲು?

ಸುಮಂಗಲಾ: ಪೂರಾ ಹಾಳಾಗಂಗಿಲ್ಲ. ಇಲ್ಲಿ ನೋಡ್ರಿ, ಸ್ವಲ್ಪ ಸಾಮಾನು ವಾಪಸು ಬಂದೈತಿ. ಬ್ಯಾರೆ ಕೆಲಸಕ್ಕ ಹಚ್ಚಬಹುದು.

ಹುಲುಗಪ್ಪ ಈ ಮಾತನ್ನು ಕೇಳಿ ಏನೋ ಯೋಚಿಸಿದಂತೆ ಕಂಡಿತು. ಸ್ಟಾರ್ಟರಿಗೆ ಒರಗಿ ನಿಂತಿದ್ದವನು ಕಿಟಕಿಯಿಂದ ಊರಿನ ಕಡೆ ಒಮ್ಮೆ ನೋಡಿದ. ಸುಮಂಗಲಾಳ ಸರದಿ ಬಂತು. ಅವಳ ಪಂಪ್‌ಹೌಸ್ ಪಟ್ಟಣದಲ್ಲಿ ಇದುವರೆಗೆ ಕಣಜ, ಬಾವಿ, ಒಂದು ಶಾಲೆ ಬಿಟ್ಟು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅವಳ ಜನ ಈಗ ಬರವಣಿಗೆ ಕಲಿತು ಮುಗಿಸಿದರು, ಪಟ್ಟಿಯಲ್ಲಿ ಹೊಸದೊಂದು ಹೆಸರು ಮೂಡಿತು: ಮಹಾ ಗ್ರಂಥಾಲಯ.

ಹುಲುಗಪ್ಪ: ಒತ್ರಿ ಮೇಡಂ, ಒತ್ರಿ!

ಸುಮಂಗಲಾ: ಒತ್ತಿದೆ. ಐದು ಸರದಿ ಬೇಕಂತ.

ಶಿವಯೋಗಪ್ಪ: ಐದೇ? ನನ್ನ ಪಿರಮಿಡ್ಡಿಗೆ ಇನ್ನೂ ಎಂಟು ತೋರಿಸ್ತೈತಿ! ಇದರಾಗ ಏನೋ ಮೋಸ ಐತಿ.

ಸುಮಂಗಲಾ: ಮೋಸ ಇಲ್ರಿ. ಕಣಜ ಇತ್ತು, ಮಂದಿ ಉಂಡು ಬೆಳೆದ್ರು. ಮಂದಿ ಹೆಚ್ಚಾದ್ರ ಕೈ ಹೆಚ್ಚಾದುವು.

ಶಿವಯೋಗಪ್ಪ: ನನಗೂ ಕೈ ಬೇಕು. ಹುಲುಗ, ಶಿವಯೋಗಪುರದಾಗ ಹೊಲದಾಗ ಎಷ್ಟು ಮಂದಿ ಅದಾರ?

ಹುಲುಗಪ್ಪ: ಆರು ಮಂದಿ, ಬಿತ್ತಿಗಿ ಮಾಡಾಕ ಹತ್ಯಾರ.

ಶಿವಯೋಗಪ್ಪ: ಎಲ್ಲಾರನ್ನೂ ಹೊಲ ಬಿಡಿಸು. ಕಲ್ಲು ಹೊರಾಕ ಹಚ್ಚು.

ಹುಲುಗಪ್ಪ: ಉಣ್ಣಾಕ ಏನು ಮಾಡ್ತಾರ್ರಿ? ನೀವು ಕಣಜಾನೂ ಕಟ್ಟಿಲ್ಲ.

ಶಿವಯೋಗಪ್ಪ: ಪಿರಮಿಡ್ಡು ನೋಡಿ ಹೊಟ್ಟಿ ತುಂಬಿಸ್ಕೊಳ್ಳಲಿ. ಊರಿನ ಕೀರ್ತಿ ಮುಖ್ಯನೋ ಊಟ ಮುಖ್ಯನೋ?

ಹುಲುಗಪ್ಪ: ಉಂಡವ್ರಿಗೆ ಕೀರ್ತಿ ಮುಖ್ಯ ಇರ್ತೈತ್ರಿ.

ಸಾಹುಕಾರರು ಯಾರ ಮಾತನ್ನೂ ಕೇಳಲಿಲ್ಲ. ಆರು ಮಂದಿಯನ್ನೂ ಹೊಲದಿಂದ ಎಬ್ಬಿಸಿ ಕಲ್ಲಿನ ಗಣಿಗೆ ಅಟ್ಟಿದರು. ಎಂಟಿದ್ದ ಲೆಕ್ಕ ಒಂದೇ ಏಟಿಗೆ ನಾಲ್ಕಕ್ಕೆ ಇಳಿಯಿತು. ಸುಮಂಗಲಾ ಲೆಕ್ಕ ಹಾಕಿದಳು. ಅವರಿಗೆ ನಾಲ್ಕು, ತನಗೆ ಐದು. ಗಾಡಿಗೆ ಪುಸ್ತಕ ತುಂಬುವ ದಿನ ಅವಳ ಕಣ್ಣ ಮುಂದೆ ಬಂತು, ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

ಶಿವಯೋಗಪ್ಪ: ಈಗ ಹೇಳವ್ವಾ. ಕಮಾನಿನ ಆನಿಗೆ ಸೊಂಡ್ಲು ಮ್ಯಾಲೆ ಇರ್ಲೋ, ಕೆಳಗ ಇರ್ಲೋ?

ಸುಮಂಗಲಾ: ನೀವು ಆಡ್ರಿ ಸುಮ್ಮನ. ಇನ್ನೂ ಮುಗಿದಿಲ್ಲ.

ಇಬ್ಬರೂ ಒಂದೊಂದು ಸರದಿ ಒತ್ತಿದರು. ಅವರಿಗೆ ಮೂರು, ಇವಳಿಗೆ ನಾಲ್ಕು. ಸಾಹುಕಾರರು ಮತ್ತೊಂದು ಒತ್ತಿದರು, ಎರಡಾಯಿತು. ಜೊತೆಗೇ ಪರದೆಯಲ್ಲಿ ಕೆಂಪು ಪೆಟ್ಟಿಗೆಯೊಂದು ತೆರೆಯಿತು.

ಶಿವಯೋಗಪ್ಪ: ಏನಲೇ ಅದು? ಅಭಿನಂದನಿ ಬಂತೇನು?

ಹುಲುಗಪ್ಪ: 'ಶಿವಯೋಗಪುರದಲ್ಲಿ ಹಸಿವು. ಜನಸಂಖ್ಯೆ ಅರ್ಧಕ್ಕೆ ಕುಸಿದಿದೆ' ಅಂತ ಐತ್ರಿ.

ಶಿವಯೋಗಪ್ಪ: ಅರ್ಧ ಮಂದಿ ಎಲ್ಲಿಗೆ ಹೋದ್ರು?

ಹುಲುಗಪ್ಪ: ಪಿರಮಿಡ್ಡು ಅಂದ್ರ ಸತ್ತವ್ರನ್ನ ಇಡೋ ಜಾಗ ಅಂತಲ್ರಿ? ಅಲ್ಲಿಗೇ ಹೋಗಿರ್ಬೇಕು.

ಶಿವಯೋಗಪ್ಪ: ಚಾಷ್ಟಿ ಬ್ಯಾಡ! ಇನ್ನೆಷ್ಟು ಸರದಿ ತೋರಿಸ್ತೈತಿ ಹೇಳು.

ಹುಲುಗಪ್ಪ: ಕೈ ಅರ್ಧ ಆದುವಲ್ರಿ. ಎರಡು ಇದ್ದದ್ದು ನಾಲ್ಕಾತು.

ಶಿವಯೋಗಪ್ಪ: ಸತ್ತವ್ರು ಇನ್ನೆರಡು ಸರದಿ ತಡೀಬಾರದಾಗಿತ್ತಾ? ಕೃತಜ್ಞತಿ ಇಲ್ಲದ ಮಂದಿ!

ಈ ಮಾತು ಅವರು ಚುನಾವಣೆ ಸೋತ ದಿನವೂ ಆಡಿದ್ದರು. ಸುಮಂಗಲಾ ತನ್ನ ಸರದಿ ಒತ್ತಿದಳು. ಇವಳಿಗೆ ಮೂರು, ಆಮೇಲೆ ಎರಡು, ಆಮೇಲೆ ಒಂದು. ಇನ್ನೊಮ್ಮೆ ಒತ್ತಿದರೆ ಮುಗಿಯಿತು. ಸಾಹುಕಾರರ ಕಣ್ಣು ಪರದೆಯಿಂದ ಮೆಲ್ಲಗೆ ಗೋಡೆಯ ಸ್ಟಾರ್ಟರಿನ ಕಡೆ ಹೊರಳಿತು.

ಶಿವಯೋಗಪ್ಪ: ಹುಲುಗ, ನೀರು ಬಿಟ್ಟೀಯೇನು ಇವತ್ತು?

ಹುಲುಗಪ್ಪ: ಮುಂಜಾನಿ ಬಿಟ್ಟೀನ್ರಿ. ಇನ್ನ ನಾಳಿಗೇ.

ಶಿವಯೋಗಪ್ಪ: ಮ್ಯಾಗಳ ಓಣಿಗೆ ನೀರಿಲ್ಲ ಅಂತ ಹೆಣ್ಮಕ್ಕಳು ಬಾಯಿ ಬಡ್ಕೊಳ್ಳಾಕ ಹತ್ಯಾರ. ಪಾಪ ಅನ್ನಿಸ್ತೈತಿ. ಹಚ್ಚು ಮೋಟ್ರು.

ಹುಲುಗಪ್ಪ: ಮ್ಯಾಗಳ ಓಣಿಗೆ ನೀರಿಲ್ಲದ್ದು ಆರು ವರ್ಷ ಆತ್ರಿ. ಇವತ್ತು ಹೆಂಗ ಪಾಪ ಅನ್ನಿಸ್ತು?

ಶಿವಯೋಗಪ್ಪ ಎದ್ದು ತಾವೇ ಹಸಿರು ಗುಂಡಿ ಒತ್ತಿದರು. ಮೋಟರು ಗುಡುಗಿತು, ಕಪಾಟು ನಡುಗಿತು, ಕಂಪ್ಯೂಟರಿನ ಪರದೆ ಕಪ್ಪಾಯಿತು. ಸುಮಂಗಲಾ ಕುಳಿತಲ್ಲೇ ಕುಳಿತಳು.

ಶಿವಯೋಗಪ್ಪ: ಅಯ್ಯಯ್ಯ, ಆಟ ಹೋತಲ್ಲವ್ವಾ. ಏನು ಮಾಡೋದು, ನೀರು ಮುಖ್ಯ. ಮತ್ತ ಮೊದಲಿನಿಂದ ಆಡೋಣಂತ. ಮುಂದಿನ ತಿಂಗಳು.

ಹುಲುಗಪ್ಪ: ನೀರು ಬಿಟ್ಟಿದ್ದು ಚಲೋ ಆತ್ರಿ. ಮ್ಯಾಗಳ ಓಣಿ ವಾಲ್ವು ತಿರುವಿ ಬರ್ತೀನಿ. ಆರು ವರ್ಷಕ್ಕ ಒಂದಿನ ಉಣ್ಣಲಿ, ತೊಳೀಲಿ.

ಅರ್ಧ ತಾಸು ಮೋಟರು ಓಡಿತು. ಮೇಗಳ ಓಣಿಯಿಂದ ಕೊಡಗಳ ಸದ್ದು ಕೇಳಿತು, ಯಾರೋ ಸಾಹುಕಾರರ ಹೆಸರು ಹೇಳಿ ಹರಸಿದ್ದೂ ಕೇಳಿತು. ಐದು ವರ್ಷದ ಅಧಿಕಾರದಲ್ಲಿ ಅವರು ಮುಗಿಸಿದ ಕೆಲಸ ಇದೊಂದೇ, ಇದನ್ನೂ ಅಧಿಕಾರ ಹೋದ ಮೇಲೆ ಮೋಸಕ್ಕಾಗಿ ಮಾಡಿದ್ದು. ಹುಲುಗಪ್ಪ ಬಂದು ಕೆಂಪು ಗುಂಡಿ ಒತ್ತಿದ. ಸುಮಂಗಲಾ ಕಂಪ್ಯೂಟರು ಹಚ್ಚಿದಳು.

ಶಿವಯೋಗಪ್ಪ: ಏನು ಮಾಡ್ತೀಯವ್ವಾ? ಹೋತಲ್ಲ ಅದು.

ಸುಮಂಗಲಾ: ಹೋಗಿಲ್ರಿ. ಪ್ರತಿ ಸರದಿಗೂ ಆಟ ಎಲ್ಲೈತಿ ಅಂತ ಅದು ತಾನೇ ಬರೆದಿಟ್ಕೊಂಡಿರ್ತೈತಿ.

ಹುಲುಗಪ್ಪ: ಬರವಣಿಗಿ ಕಲ್ತೈತ್ರಿ ಅದು.

ಪರದೆ ಬೆಳಗಿತು. ಅದೇ ನಕ್ಷೆ, ಅದೇ ಅರ್ಧ ಪಿರಮಿಡ್ಡು, ಪಂಪ್‌ಹೌಸಿನ ಮುಂದೆ ಒಂದು ಎಂಬ ಅಂಕಿ. ಸುಮಂಗಲಾ ಒತ್ತಿದಳು. ಕಹಳೆ ಮೊಳಗಿತು, ಪರದೆಯ ತುಂಬ ಕಂಬಗಳ ಸಾಲು ಎದ್ದು ನಿಂತಿತು, ಬರಹದ ಸುರುಳಿ ಹಿಡಿದ ಜನ ಒಳಗೆ ಹೋಗಿ ಬಂದರು. ಅವಳಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಶಿವಯೋಗಪ್ಪ: ಕಟ್ಟಿಸಿದವ್ರ ಹೆಸರು ಎಲ್ಲಿ ಹಾಕ್ಯಾರ?

ಸುಮಂಗಲಾ: ಹಾಕಿಲ್ರಿ. ಗ್ರಂಥಾಲಯ ಅಂತ ಐತಿ, ಅಷ್ಟ.

ಶಿವಯೋಗಪ್ಪ: ಥೂ, ಎಂಥಾ ಅದ್ಭುತ! ಇರ್ಲಿ. ಮಾತು ಅಂದ್ರ ಮಾತು. ಎಲ್ಲೈತಿ ನಿನ್ನ ಕಾಗದ?

ಸುಮಂಗಲಾ ಡ್ರಾಯರಿನಿಂದ ಕಾಗದ ತೆಗೆದಿಟ್ಟಳು. ಸಾಹುಕಾರರು ನಲವತ್ತು ವರ್ಷದ ಅನುಭವದ ಸಹಿಯನ್ನು ಉದ್ದಕ್ಕೆ ಎಳೆದರು. ಸಹಿಯ ಶಾಯಿ ಆರುವ ಮೊದಲೇ ಮೊಬೈಲು ತೆಗೆದರು.

ಶಿವಯೋಗಪ್ಪ: ಹಲೋ, ಓಬಳೇಶ? ಒಂದು ಗ್ರಾನೈಟು ಕಲ್ಲು ಬೇಕಾಗಿತ್ತಪಾ. ಗ್ರಂಥಾಲಯ ಕಟ್ಟಡದ ಶಂಕುಸ್ಥಾಪನೆ, ಶಿವಯೋಗಪ್ಪನವರ ಅಮೃತಹಸ್ತದಿಂದ. ಬಂಗಾರದ ಅಕ್ಷರ. ಹೂಂ, ಎಂಟನೇದು.

ಸುಮಂಗಲಾಳ ಮುಖ ಸಪ್ಪಗಾಯಿತು. ಗೆದ್ದದ್ದೆಲ್ಲ ಕೈ ಬಿಟ್ಟು ಹೋದಂತೆ ಅವಳಿಗೆ ಅನ್ನಿಸಿತು.

ಸುಮಂಗಲಾ: ಕೈ ಮುಗೀತೀನ್ರಿ, ಕಲ್ಲು ಮಾತ್ರ ಬ್ಯಾಡ. ನೀವು ಕಲ್ಲಿಟ್ಟ ಜಾಗದಾಗ ಇಲ್ಲೀತನಕ ಏನರ ಎದ್ದೈತೇನ್ರಿ?

ಶಿವಯೋಗಪ್ಪ: ಕಲ್ಲಿಲ್ಲದ ಕಟ್ಟಡಾನ? ನನ್ನ ಹೆಸರು ಬ್ಯಾಡೇನು?

ಹುಲುಗಪ್ಪ: ಬೇಕ್ರಿ, ಬೇಕೇಬೇಕು. ಆದ್ರ ಎಂಟನೇದು ಯಾಕ? ಇದ್ದ ಏಳು ಅದಾವಲ್ಲ. ಮುಗಿಯದ ಕೆಲಸದ ಸಾಮಾನು ವಾಪಸು ಬರ್ತೈತಿ, ಬ್ಯಾರೆ ಕೆಲಸಕ್ಕ ಹಚ್ಚಬಹುದು ಅಂತ ಮೇಡಂ ಆವಾಗ ಹೇಳಿದ್ರು. ಬಸ್ ನಿಲ್ದಾಣದ ಜಾಗ ಎತ್ತರದಾಗ ಐತಿ, ಗ್ರಂಥಾಲಯಕ್ಕ ಹತ್ತಾಕ ಮೆಟ್ಲು ಬೇಕು. ವಾಲ್ವು ತಿರುವಾಕ ಹೋದಾಗ ಅಳೆದು ಬಂದೀನಿ. ಸರಿಯಾಗಿ ಏಳು.

ಶಿವಯೋಗಪ್ಪ: ನನ್ನ ಕಲ್ಲು ಮೆಟ್ಲಿಗೆ?

ಹುಲುಗಪ್ಪ: ಒಂದು ಮಾತು ಮಾತ್ರ ನೀವೇ ಹೇಳ್ಬೇಕ್ರಿ. ಹೆಸರು ಮ್ಯಾಲೆ ಮಾಡಿ ಇಟ್ರ ಎಲ್ಲಾರೂ ತುಳೀತಾರ. ಕೆಳಗ ಮಾಡಿ ಇಟ್ರ ಯಾರೂ ಓದಂಗಿಲ್ಲ. ಹೆಂಗಿಡ್ಲಿ?

ಮೊಬೈಲಿನೊಳಗೆ ಓಬಳೇಶ ಹಲೋ ಹಲೋ ಎನ್ನುತ್ತಿದ್ದ.  ಸಾಹುಕಾರರು ಫೋನಿಟ್ಟರು.

ಶಿವಯೋಗಪ್ಪ: ಮ್ಯಾಲೇ ಇಡಲೇ. ತುಳಿಯೋ ಮಂದಿ ಓದ್ಕೊಂಡಾದ್ರೂ ತುಳೀಲಿ.

ಸುಮಂಗಲಾ: ಹಂಗಾದ್ರ ಬೇಗ ಕಟ್ಟಬೇಕ್ರಿ. ಅವ್ರು ಮೊದಲು ಓದಾಕ ಕಲೀಬೇಕಲ್ಲ.